ಬಿಲ್ಲಿನ ಸದ್ದೇ ಜಾಹೀರಾತು

ಹುಬ್ಬಳ್ಳಿಯಿಂದ ಬೆಂಗಳೂರಿನ ದಿಕ್ಕಿಗೆ ಹೊರಟರೆ ಊರು ಮುಗಿಯಿತು ಅನ್ನುವಷ್ಟರಲ್ಲಿ ಗಬ್ಬೂರ ಸಿಗುತ್ತದೆ. ಹಿಂದೆ ಇದು ಎರೆಹೊಲಗಳ ನಡುವಿನ ಹಳ್ಳಿ. ಈಗ ಅವಳಿ ನಗರದ ಸೆರಗಿಗೆ ಗಂಟು ಬಿದ್ದಿದೆ. ಧಾರವಾಡದಾಚೆಯ ನರೇಂದ್ರದ ತನಕ ಹೋಗುವ ಬೈಪಾಸ್ ಇಲ್ಲಿಂದಲೇ ಕವಲೊಡೆಯುತ್ತದೆ. ಹಗಲು ರಾತ್ರಿ ಲಾರಿಗಳ ಓಡಾಟ. ಚಹಾದಂಗಡಿ, ಪಂಕ್ಚರ್ ಅಂಗಡಿ, ಖಾನಾವಳಿಗಳ ನಡುವೆ ನನ್ನ ಅಕ್ಕನ ಮಗ ಒಂದು ಗಾದಿ ಅಂಗಡಿ ಇಟ್ಟಿದ್ದಾನೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಜಾಗ. ಒಳಗೆ ಅರಳೆ ಹಿಂಜುವ ಒಂದು ಮಶೀನು, ಗೋಡೆಗೆ ಒರಗಿಸಿದ ಗಾದಿಗಳು, ಮೂಲೆಯಲ್ಲಿ ತಲೆದಿಂಬುಗಳ ರಾಶಿ.

ಅಂಗಡಿ ತೆರೆದ ತಿಂಗಳಿಗೆ ಅವನು ನನ್ನ ಮನೆಗೆ ಬಂದ. ಕೈಯಲ್ಲಿ ಒಂದು ಹ್ಯಾಂಡ್‌ಬಿಲ್ಲಿನ ಕರಡು ಪ್ರತಿ.

“ಮಾಮೂ, ನೀವು ಕತಿ ಬರೀತೀರಿ. ನಮ್ಮ ಅಂಗಡಿಗೂ ಒಂದ್ ನಾಕ ಸಾಲು ಬರದ ಕೊಡ್ರಿ. ಪ್ರೆಸ್ಸಿನವ್ರು ಇದನ್ನ ಮಾಡ್ಯಾರ, ಆದ್ರ ಯಾಕೋ ಮನಸಿಗೆ ಬರವಲ್ದು.”

ನೋಡಿದೆ. ಯಾವುದೋ ಪರದೇಶದ ಮಲಗುವ ಕೋಣೆಯ ಚಿತ್ರ. ಬಿಳಿ ಹಾಸಿಗೆಯ ಮೇಲೆ ನಗುತ್ತ ಮಲಗಿದ ಗಂಡ ಹೆಂಡತಿ. ಮೇಲೆ ‘ಉತ್ತರ ಕರ್ನಾಟಕದ ನಂಬರ್ ಒನ್’, ಕೆಳಗೆ ‘ವಿಶ್ವದರ್ಜೆಯ ಗುಣಮಟ್ಟ’. ನನಗೆ ನಗು ತಡೆಯಲಾಗಲಿಲ್ಲ. ಹುಡುಗನ ಮುಖ ಸಣ್ಣದಾಯಿತು. “ಎಲ್ಲಾರೂ ಹಿಂಗ ಹಾಕತಾರ್ರಿ” ಎಂದ.

ನಕ್ಕಿದ್ದಕ್ಕೆ ನನಗೆ ತಕ್ಕ ಶಿಕ್ಷೆಯೇ ಆಯಿತು. ನಾಲ್ಕು ಸಾಲು ಬರೆಯಲು ಕುಳಿತವನಿಗೆ ಹದಿನೈದು ದಿನವಾದರೂ ಒಂದು ಸಾಲು ಹುಟ್ಟಲಿಲ್ಲ. ಇಪ್ಪತ್ತು ಪುಟದ ಕತೆ ಬರೆದವನಿಗೆ ಒಂದು ಗಾದಿಯನ್ನು ಮಾರುವ ಮಾತು ಗೊತ್ತಿರಲಿಲ್ಲ. ನಮ್ಮ ಹಿರಿಯರು ಈ ಮಾತನ್ನು ಹೇಗೆ ಆಡುತ್ತಿದ್ದರು ಎಂದು ಹಿಂತಿರುಗಿ ನೋಡಿದ್ದು ಆಗ. ಈ ಲೇಖನ ಆ ನೋಟದ ಫಲ.

ಹೆಗಲ ಮೇಲಿನ ಅಂಗಡಿ

ನನ್ನ ಅಜ್ಜನಿಗೆ ಅಂಗಡಿ ಇರಲಿಲ್ಲ. ಅವನ ಹೆಗಲೇ ಅಂಗಡಿ. ಆಳೆತ್ತರದ ಒಂದು ಬಿಲ್ಲು, ಅದಕ್ಕೆ ಬಿಗಿದ ನರದ ತಂತಿ, ಆ ತಂತಿಯನ್ನು ಮೀಟಲು ಕಟ್ಟಿಗೆಯ ಒಂದು ಕೊಡತಿ. ಸುಗ್ಗಿ ಮುಗಿದು ಚಳಿ ಬೀಳುವ ಹೊತ್ತಿಗೆ, ಮತ್ತೆ ಮದುವೆಗಳು ಶುರುವಾಗುವ ಮೊದಲು, ಅವನು ಊರೂರು ತಿರುಗುತ್ತಿದ್ದ. ಊರ ಅಗಸಿ ದಾಟುತ್ತಲೇ ತಂತಿಯನ್ನು ಒಮ್ಮೆ ಮೀಟುತ್ತಿದ್ದ. ಆ ‘ಟೊಂಯ್’ ಎಂಬ ಸದ್ದು ಓಣಿಯ ಕೊನೆಯ ಮನೆಗೂ ಕೇಳುತ್ತಿತ್ತು. ಹೆಂಗಸರು ಕಟ್ಟೆಗೆ ಬಂದು “ಪಿಂಜಾರ ಬಂದಾನ” ಎನ್ನುತ್ತ ಹಳೆಯ ಗಾದಿ ಹೊರಗೆ ಎಳೆಯುತ್ತಿದ್ದರು.

ಗಮನಿಸಿ, ಅವನು ಏನನ್ನೂ ಕೂಗಿ ಹೇಳುತ್ತಿರಲಿಲ್ಲ. ಕಸುಬಿನ ಸಲಕರಣೆಯೇ ಅವನ ಪರವಾಗಿ ಮಾತನಾಡುತ್ತಿತ್ತು. ಇಂಥ ಸದ್ದುಗಳು ನಮ್ಮ ಬೀದಿಗಳ ತುಂಬ ಇದ್ದವು. ಸಾಣೆ ಹಿಡಿಯುವವನ ಚಕ್ರದ ಕಿರುಚು, ಐಸ್‌ಕ್ಯಾಂಡಿಯವನ ಗಂಟೆ, ಬಾಂಡೆ ಸಾಮಾನಿನವನ ಠಣಠಣ. ಇವೆಲ್ಲ ಕೇಳಿದವನಿಗೆ ಬಂದವರು ಯಾರು, ಏನು ಮಾಡಿಕೊಡುತ್ತಾರೆ ಎಂಬುದನ್ನು ಒಂದೇ ಉಸಿರಿನಲ್ಲಿ ತಿಳಿಸುತ್ತಿದ್ದವು. ಓದು ಬರಹ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಕಿವಿಯೇ ಪೇಟೆಯ ಬಾಗಿಲು.

ಸದ್ದಿನಷ್ಟೇ ಹೆಸರೂ ಕೆಲಸ ಮಾಡುತ್ತಿತ್ತು. ಹನ್ನೆರಡನೇ ಶತಮಾನದ ಶರಣರನ್ನೇ ನೋಡಿ: ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ. ಹೆಸರಿನ ಮೊದಲು ಕಾಯಕ. ಈ ವಾಡಿಕೆ ನಮ್ಮ ಸೀಮೆಯ ಅಡ್ಡಹೆಸರುಗಳಲ್ಲಿ ಇಂದಿಗೂ ಉಳಿದಿದೆ. ನಮ್ಮವರಲ್ಲಿ ಅತ್ತಾರ ಎಂದರೆ ಸುಗಂಧ ಮಾರುವವರು, ಬಾಗವಾನ ಎಂದರೆ ಹಣ್ಣು-ಕಾಯಿಪಲ್ಲೆಯವರು, ಮನಿಯಾರ ಎಂದರೆ ಬಳೆಗಾರರು, ಕಲಾಯಗಾರ ಎಂದರೆ ಪಾತ್ರೆಗೆ ಕಲಾಯಿ ಹಾಕುವವರು. ನದಾಫ ಎಂಬುದು ಅರಳೆ ಹಿಂಜುವವನಿಗೆ ಅರಬ್ಬಿಯಲ್ಲಿರುವ ಹೆಸರು. ಪಿಂಜಾರ ಎಂದರೂ ಅದೇ. ನೆರೆಮನೆಯ ಹಿಂದೂ ಬಂಧುಗಳಲ್ಲಿ ಗಾಣಿಗೇರ, ಜವಳಿ, ಬೆಲ್ಲದ, ಅಕ್ಕಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಹುಬ್ಬಳ್ಳಿಯ ಯಾವುದೇ ಶಾಲೆಯ ಹಾಜರಿ ಪುಸ್ತಕವನ್ನು ಗಟ್ಟಿಯಾಗಿ ಓದಿದರೆ ಒಂದು ಸಂತೆಯನ್ನೇ ಸುತ್ತಿ ಬಂದಂತಾಗುತ್ತದೆ. ಬೋರ್ಡು ಬರೆಸುವ ಅಗತ್ಯ ಈ ಜನಕ್ಕೆ ಎಲ್ಲಿತ್ತು? ಅವರ ಹೆಸರೇ ಬೋರ್ಡು. ಹೆಸರು ಕೆಟ್ಟರೆ ವ್ಯಾಪಾರವೂ ಕೆಡುತ್ತಿತ್ತು.

ಎರಡು ಪದಗಳ ಕತೆ

ನಾನು ಓದಿದ್ದು ಅರ್ಧ ಉರ್ದು ಶಾಲೆಯಲ್ಲಿ, ಅರ್ಧ ಕನ್ನಡ ಶಾಲೆಯಲ್ಲಿ. ಹೀಗಾಗಿ ಪದಗಳು ಯಾವ ಬಾಗಿಲಿನಿಂದ ಬಂದವು ಎಂದು ನೋಡುವ ಚಟ ನನಗಿದೆ. ‘ಮಾರ್ಕೆಟಿಂಗ್’ ಎಂಬ ಮಾತು ಬರುವ ಎಷ್ಟೋ ಕಾಲದ ಮೊದಲೇ ಕನ್ನಡದಲ್ಲಿ ‘ಜಾಹೀರಾತು’ ಇತ್ತು. ಮುಂಬಯಿ ಸರಕಾರದ ಆಡಳಿತಕ್ಕೆ ಸೇರಿದ್ದ ನಮ್ಮ ಸೀಮೆಗೆ ಇದು ಮರಾಠಿಯ ಹಾದಿಯಿಂದ ಬಂತು. ಮೂಲ ಅರಬ್ಬಿಯ ‘ಝಾಹಿರ್’. ಝಾಹಿರ್ ಎಂದರೆ ಕಣ್ಣಿಗೆ ಕಾಣುವಂಥದ್ದು, ಮರೆಯಲ್ಲಿ ಇಲ್ಲದ್ದು. ಕನ್ನಡದಲ್ಲಿ ಇಂದಿಗೂ ಗುಟ್ಟು ಬಯಲಾದರೆ ‘ಜಾಹೀರಾಯಿತು’ ಎನ್ನುತ್ತೇವೆ. ನಮೂನೆ, ಖರೀದಿ, ದಲಾಲಿ, ರಸೀದಿ, ದುಕಾನು, ಬಜಾರು ಎಲ್ಲವೂ ಇದೇ ದಾರಿಯ ಪ್ರಯಾಣಿಕರು.

ಸೋಜಿಗವೆಂದರೆ ಉರ್ದುವಿನಲ್ಲಿ ಜಾಹೀರಾತಿಗೆ ಬಳಸುವ ಪದ ಇದಲ್ಲ. ಅಲ್ಲಿ ‘ಇಷ್ತಿಹಾರ್’ ಎನ್ನುತ್ತಾರೆ. ಅದು ಶೊಹರತ್, ಮಶ್ಹೂರ್ ಎಂಬ ಪದಗಳ ಬಳಗಕ್ಕೆ ಸೇರಿದ್ದು. ಅಂದರೆ ಹೆಸರುವಾಸಿ ಮಾಡುವುದು. ಒಂದು ಪದ ಇರುವುದನ್ನು ತೋರಿಸು ಎನ್ನುತ್ತದೆ, ಇನ್ನೊಂದು ಹೆಸರನ್ನು ಹರಡು ಎನ್ನುತ್ತದೆ. ನನ್ನ ಅಳಿಯನ ಕೈಯಲ್ಲಿದ್ದ ಕರಡು ಪ್ರತಿ ಪಕ್ಕಾ ಇಷ್ತಿಹಾರು. ಅದರಲ್ಲಿ ಅವನ ಅಂಗಡಿಯ ಒಂದು ಗಾದಿಯೂ ಜಾಹೀರಾಗಿರಲಿಲ್ಲ.

ಇರುವುದನ್ನು ತೋರಿಸುವ ಪಾಠ ನಮಗೆ ಹೊಸದೇನಲ್ಲ. ಪ್ರವಾದಿ ಮುಹಮ್ಮದರು (ಸ) ಒಮ್ಮೆ ಪೇಟೆಯಲ್ಲಿ ಹೋಗುವಾಗ ಧಾನ್ಯದ ರಾಶಿಯೊಂದರೊಳಗೆ ಕೈಯಿಟ್ಟರು. ಮೇಲೆ ಒಣಗಿದ್ದ ರಾಶಿಯ ಒಡಲು ತೇವವಾಗಿತ್ತು. ಮಳೆಯಲ್ಲಿ ತೊಯ್ದಿತು ಎಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣಲೆಂದು ತೊಯ್ದದ್ದನ್ನು ಮೇಲೆ ಯಾಕೆ ಇಡಲಿಲ್ಲ ಎಂದು ಅವರು ಕೇಳಿದರು. ಹದೀಸಿನ ಈ ಪ್ರಸಂಗ ಮದರಸಾದ ಮಕ್ಕಳಿಗೂ ಗೊತ್ತು. ಮೋಸ ಮಾಡಬೇಡ ಎಂಬ ನೀತಿ ಹೇಳಿ ನಾವು ಅದನ್ನು ಮುಗಿಸಿಬಿಡುತ್ತೇವೆ. ಆದರೆ ಅದರಲ್ಲಿ ವ್ಯಾಪಾರದ ಬಹಳ ಸೂಕ್ಷ್ಮವಾದ ತಿಳಿವಳಿಕೆಯೂ ಇದೆ. ಗಿರಾಕಿಯ ಅನುಮಾನ ಎಲ್ಲಿರುತ್ತದೋ ಅದನ್ನು ರಾಶಿಯ ಮೇಲೆ ತಂದಿಡಬೇಕು.

ಅರಳೆಯ ಹೆಸರು ಕೆಟ್ಟ ಕಾಲ

ಅನುಮಾನದ ಮಾತು ಬಂದದ್ದರಿಂದ ನಮ್ಮ ಅರಳೆಯ ಚರಿತ್ರೆಯನ್ನೇ ನೆನೆಯಬೇಕು. ಹುಬ್ಬಳ್ಳಿ ದೊಡ್ಡ ಪೇಟೆಯಾಗಿ ಬೆಳೆದದ್ದರಲ್ಲಿ ಹತ್ತಿಯ ಪಾಲು ದೊಡ್ಡದು. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಬೀಜ ತರಿಸಿ ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬಿತ್ತಿಸಿತು. ಆ ತಳಿ ‘ಧಾರವಾಡ-ಅಮೆರಿಕನ್’ ಎಂದು ಹೆಸರಾಯಿತು. ಇಲ್ಲಿಯ ನಾಟಿ ಹತ್ತಿಗೆ ಬಂದ ಹೆಸರು ಇನ್ನೂ ಸ್ವಾರಸ್ಯದ್ದು. ರೈಲು ಇಲ್ಲದ ಆ ದಿನಗಳಲ್ಲಿ ಅರಳೆ ಎತ್ತುಗಳ ಬೆನ್ನ ಮೇಲೆ, ಬಂಡಿಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಹೀಗಾಗಿ ಜಗತ್ತಿನ ಪೇಟೆಯಲ್ಲಿ ಅದರ ಹೆಸರು ‘ಕುಮಟಾ’! ಒಂದು ಎಳೆ ಹತ್ತಿಯನ್ನೂ ಬೆಳೆಯದ ಕಡಲತೀರದ ಊರಿಗೆ ಹೆಸರು ಸಂದಿತು. ಬೆಳೆದ ಎರೆಮಣ್ಣು ಅನಾಮಿಕವಾಗಿ ಉಳಿಯಿತು. ಮಾಲಿನ ಮೇಲೆ ತನ್ನ ಹೆಸರನ್ನು ತಾನೇ ಬರೆಯದವನಿಗೆ ಬೇರೆಯವರು ಬರೆದ ಹೆಸರೇ ಗತಿ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಂತಾಗಿ ನಮ್ಮ ಅರಳೆಗೆ ಬಂಗಾರದ ಬೆಲೆ ಬಂತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಗೆ ಬಂದರಿನ ದಾರಿ ಬೇಕೆಂಬ ಒತ್ತಾಯವಿತ್ತು. ಬೆಲೆ ಏರಿದಂತೆ ಆಸೆಯೂ ಏರಿತು. ಅರಳೆಗೆ ನೀರು ಚಿಮುಕಿಸಿ ತೂಕ ಹೆಚ್ಚಿಸುವುದು, ಬೀಜ ಮಣ್ಣು ಸೇರಿಸುವುದು, ಉದ್ದನೆಯ ಎಳೆಯ ಅರಳೆಯಲ್ಲಿ ಗಿಡ್ಡ ಎಳೆಯದನ್ನು ಬೆರೆಸುವುದು ನಡೆಯಿತು. ಗಿರಣಿಯವರು ದೂರಿದರು. 1863ರಲ್ಲಿ ಮುಂಬಯಿ ಸರಕಾರ ಅರಳೆಯ ಮೋಸ ತಡೆಯಲೆಂದೇ ಒಂದು ಕಾಯ್ದೆ ತಂದು ತಪಾಸಣೆದಾರರನ್ನು ನೇಮಿಸಿತು. 1865ರಲ್ಲಿ ಯುದ್ಧ ನಿಂತಿತು. ಅಮೆರಿಕದ ಹತ್ತಿ ಮತ್ತೆ ಹಡಗು ಹತ್ತಿತು. ನಮ್ಮ ಅರಳೆಯ ಬೆಲೆ ಕುಸಿಯಿತು. ಯುದ್ಧ ಮುಗಿದದ್ದೇ ಅದಕ್ಕೆ ಮುಖ್ಯ ಕಾರಣ. ಆದರೆ ನಂಬಿಕೆ ಗಟ್ಟಿಯಿದ್ದವರಿಗೆ ಕೆಟ್ಟ ಕಾಲದಲ್ಲೂ ನಾಲ್ಕು ಗಿರಾಕಿಗಳು ಉಳಿಯುತ್ತಾರೆ. ಕಲಬೆರಕೆಯ ಹೆಸರು ಹೊತ್ತವರಿಗೆ ಆ ಭಾಗ್ಯವೂ ಇಲ್ಲ.

ಈ ಮೋಸದಲ್ಲಿ ದೊಡ್ಡ ದಲಾಲರ, ವರ್ತಕರ ಪಾಲು ಎಷ್ಟಿತ್ತೋ. ಅದರ ಕಪ್ಪು ಮಾತ್ರ ಅರಳೆಯನ್ನು ಮುಟ್ಟಿದ ಎಲ್ಲರ ಕೈಗೂ ಅಂಟಿತು. ಒಬ್ಬ ಬಡ ಪಿಂಜಾರನ ಮುಂದೆ ಕೂಡ ಮನೆಯೊಡತಿ ಬಾಗಿಲಲ್ಲೇ ಕೂತು ಕಾಯುತ್ತಿದ್ದಳು: ನನ್ನ ಗಾದಿಯ ಒಳ್ಳೆಯ ಅರಳೆ ತೆಗೆದು ಕಸ ತುಂಬಿಬಿಟ್ಟಾನು ಎಂಬ ಭಯ. ಅಜ್ಜನಿಗೆ ಇದು ಗೊತ್ತಿತ್ತು. ಅದಕ್ಕೇ ಅವನು ಎಂದೂ ಮನೆಯ ಹಿತ್ತಲಿಗೆ ಹೋಗಿ ಕೆಲಸ ಮಾಡುತ್ತಿರಲಿಲ್ಲ. ಕಟ್ಟೆಯ ಮುಂದೆ, ಬೀದಿಯಲ್ಲಿ, ಎಲ್ಲರ ಕಣ್ಣೆದುರು ಗಾದಿ ಬಿಚ್ಚಿ ಹಿಂಜುತ್ತಿದ್ದ. ಗಾಳಿಗೆ ಅರಳೆ ಹಾರಿ ಅವನ ಗಡ್ಡ ಬೆಳ್ಳಗಾಗುತ್ತಿತ್ತು.

ಚಿತ್ರ, ಊರು, ಹ್ಯಾಂಡ್‌ಬಿಲ್ಲು

ಹತ್ತೊಂಬತ್ತನೇ ಶತಮಾನದ ಕೊನೆಗೆ ಕಣ್ಣಿನ ಕಾಲ ಬಂತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಹುಬ್ಬಳ್ಳಿಗೆ ಬಂದ ಮೇಲೆ ವಿಲಾಯತಿ ಬಟ್ಟೆಯ ಥಾನುಗಳು ಪೇಟೆ ತುಂಬಿದವು. ಪ್ರತಿ ಥಾನಿನ ಮೇಲೂ ದೇವರ, ರಾಜರ, ಹುಲಿ ಆನೆಗಳ ಬಣ್ಣದ ಚೀಟಿ. ಓದಲು ಬಾರದ ಗಿರಾಕಿ ಚಿತ್ರದ ಹೆಸರು ಹಿಡಿದು ‘ಹುಲಿ ಛಾಪಿಂದು ಕೊಡ್ರಿ’ ಎನ್ನಬಹುದಿತ್ತು. ಬೀಡಿ, ಬೆಂಕಿಪೊಟ್ಟಣ, ಚಹಾಪುಡಿಯವರು ಇದೇ ಜಾಡು ಹಿಡಿದರು. ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಶನ್ ತನ್ನ ಹಂಚುಗಳ ಮೇಲೆ ಹೆಸರನ್ನು ಒತ್ತುತ್ತಿತ್ತು. ಛಾವಣಿ ಏರಿದ ಮೇಲೂ ಹೆಸರು ಅಳಿಯುವಂತಿರಲಿಲ್ಲ. ಛಾಪಿನ ಕಳ್ಳತನ ತಡೆಯಲು ಇಡೀ ದೇಶಕ್ಕೆ ಟ್ರೇಡ್ ಮಾರ್ಕ್ ಕಾಯ್ದೆ ಬಂದದ್ದು 1940ರಲ್ಲಿ.

ಊರಿನ ಹೆಸರೇ ಛಾಪಾದ ಉದಾಹರಣೆಗೆ ನಾವು ದೂರ ಹೋಗಬೇಕಿಲ್ಲ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ್ ಮನೆತನ ಧಾರವಾಡದಲ್ಲಿ ಪೇಡೆ ಮಾಡಿ ಮಾರತೊಡಗಿತು. ಬಾಬುಸಿಂಗ್ ಠಾಕೂರರ ಹೆಸರಿನ ಲೈನ್ ಬಜಾರಿನ ಅಂಗಡಿ ಬಹುಕಾಲ ಇನ್ನೊಂದು ಶಾಖೆ ತೆರೆಯಲಿಲ್ಲ. ಅಂಗಡಿಯ ಮುಂದಿನ ಪಾಳಿಯೇ ಅದರ ಜಾಹೀರಾತು. 1933ರಲ್ಲಿ ಶುರುವಾದ ಮಿಶ್ರಾ ಪೇಡೆಯವರು ಬೇರೆ ದಾರಿ ಹಿಡಿದು ಊರೂರಿಗೆ ಅಂಗಡಿ ಒಯ್ದರು. ಎರಡೂ ದಾರಿ ಗೆದ್ದವು, ಯಾಕೆಂದರೆ ಎರಡರಲ್ಲೂ ನಾಲಗೆ ಸಾಕ್ಷಿ ಹೇಳುತ್ತಿತ್ತು. ಭೌಗೋಳಿಕ ಸೂಚಿ ಕಾಯ್ದೆ 2003ರಲ್ಲಿ ಜಾರಿಗೆ ಬಂದ ಮೇಲೆ ಧಾರವಾಡ ಪೇಡೆಗೆ ಆ ಮುದ್ರೆಯೂ ಸಿಕ್ಕಿತು.

ಅದೇ ಮುದ್ರೆ ನವಲಗುಂದದ ಜಮಖಾನೆಗೂ ಇದೆ. ನಮ್ಮ ಮುಸ್ಲಿಂ ಹೆಣ್ಣುಮಕ್ಕಳು ಮನೆಯೊಳಗಿನ ಮಗ್ಗದಲ್ಲಿ ನವಿಲು, ಪಗಡೆ ಹಾಸಿನ ಚಿತ್ತಾರ ಎತ್ತಿ ನೇಯ್ದ ಜಮಖಾನೆ ಅದು. ಮುದ್ರೆ ಸಿಕ್ಕರೂ ನೇಯುವ ಕೈಗಳು ಕಡಿಮೆಯಾಗುತ್ತಲೇ ಬಂದಿವೆ. ಪೇಡೆ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿತು. ಜಮಖಾನೆ ಮನೆಯ ಪರದೆಯ ಹಿಂದೆಯೇ ಉಳಿಯಿತು. ಒಂದು ಜಮಖಾನೆಗೆ ಎಷ್ಟು ದಿನ ಹಿಡಿಯುತ್ತದೆ, ಯಾಕೆ ಇಷ್ಟು ಬೆಲೆ ಎಂದು ಕೊಳ್ಳುವವನಿಗೆ ಹೇಳುವ ನಾಲ್ಕು ಸಾಲನ್ನು ಆ ತಾಯಂದಿರಿಗೆ ಯಾರೂ ಬರೆದುಕೊಡಲಿಲ್ಲ. ಕತೆ ಬರೆಯುವ ನಾನೂ ಬರೆಯಲಿಲ್ಲ. ಒಳ್ಳೆಯ ಮಾಲು ತಾನಾಗಿಯೇ ಮಾರಾಟವಾಗುತ್ತದೆ ಎನ್ನುವವರು ಒಮ್ಮೆ ನವಲಗುಂದಕ್ಕೆ ಹೋಗಿ ಬರಬೇಕು.

ಹೇಳುವ ಕಲೆಯನ್ನು ನಮ್ಮ ಜನಕ್ಕೆ ಕಲಿಸಿದವು ನಾಟಕ ಕಂಪನಿಗಳು. ಗದುಗಿನ ಗರುಡ ಸದಾಶಿವರಾಯರ ಮಂಡಳಿ, ದಕ್ಷಿಣದಿಂದ ಗುಬ್ಬಿ ವೀರಣ್ಣನವರ ಕಂಪನಿ, ಆಮೇಲೆ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ. ಹುಬ್ಬಳ್ಳಿ ಧಾರವಾಡದವರ ಸಂಜೆಗಳನ್ನು ಇಂಥ ಕಂಪನಿಗಳು ಆಳಿದ ಕಾಲವೊಂದಿತ್ತು. ಟಾಂಗಾದಲ್ಲಿ ಬ್ಯಾಂಡು ಬಾರಿಸುತ್ತ ಬಂದು ಬಣ್ಣದ ತೆಳು ಕಾಗದದ ಹ್ಯಾಂಡ್‌ಬಿಲ್ಲು ಎಸೆಯುತ್ತಿದ್ದರು. ನಾವು ಮಕ್ಕಳು ಟಾಂಗಾದ ಹಿಂದೆ ಓಡುತ್ತಿದ್ದೆವೆಂದು ನನ್ನ ಅಪ್ಪ ಹೇಳುತ್ತಿದ್ದ. ನಾಟಕದ ಹೆಸರು, ಆಟದ ವೇಳೆ, ಖುರ್ಚಿಗೆ ಎಷ್ಟು, ನೆಲಕ್ಕೆ ಎಷ್ಟು ಎಂಬ ದರ. ಅದರ ಕೆಳಗೆ ತಪ್ಪದೆ ಇರುತ್ತಿದ್ದ ಒಂದು ಸಾಲು: ಹೆಂಗಸರಿಗೆ ಪ್ರತ್ಯೇಕ ವ್ಯವಸ್ಥೆ ಇದೆ. ಆ ಒಂದು ಸಾಲಿನ ಬೆಲೆ ಯೋಚಿಸಿ. ಅದು ನಾಟಕವನ್ನು ಹೊಗಳುತ್ತಿಲ್ಲ. ಮನೆಯಲ್ಲಿ ಕೂತ ಹೆಣ್ಣುಮಗಳ ಅಳುಕಿಗೆ ಉತ್ತರ ಹೇಳುತ್ತಿದೆ. ಅಂಥ ಒಂದು ಸಾಲು ಓದಿ ಎಷ್ಟು ಮನೆಗಳ ಹೆಂಗಸರು ಮೊದಲ ಸಲ ಥಿಯೇಟರಿನ ಮೆಟ್ಟಿಲು ಹತ್ತಿದರೋ!

ಅಕ್ಷರಕ್ಕೆ ಇಷ್ಟು

ನಮ್ಮ ಓಣಿಯಲ್ಲಿ ಒಬ್ಬ ಪೇಂಟರ್ ಚಾಚಾ ಇದ್ದರು. ಕನ್ನಡ, ಉರ್ದು, ಇಂಗ್ಲಿಷು, ಮರಾಠಿ ನಾಲ್ಕರಲ್ಲೂ ಬೋರ್ಡು ಬರೆಯುತ್ತಿದ್ದರು. ಸಿನಿಮಾ ಶುರುವಾಗುವ ಮೊದಲು ಪರದೆಯ ಮೇಲೆ ಬೀಳುವ ಅಂಗಡಿಗಳ ಗಾಜಿನ ಸ್ಲೈಡು ಕೂಡ ಅವರ ಕುಂಚದ್ದೇ. ಅವರ ದರ ಅಕ್ಷರಕ್ಕೆ ಇಷ್ಟು ಎಂದು. ಹೀಗಾಗಿ ಗಿರಾಕಿ ಉದ್ದುದ್ದ ಬರೆಸಲು ಬಂದರೆ ಚಾಚಾ ಅವನ ಜೇಬನ್ನೂ ತಮ್ಮ ಜಾಗವನ್ನೂ ನೋಡಿ, “ಇದು ಬ್ಯಾಡ, ಇದು ಬ್ಯಾಡ” ಎನ್ನುತ್ತ ಕಾಟು ಹೊಡೆಯುತ್ತಿದ್ದರು. ಕೊನೆಗೆ ಉಳಿಯುತ್ತಿದ್ದುದು ಏನು ಸಿಗುತ್ತದೆ, ಯಾರು ಕೊಡುತ್ತಾರೆ ಎಂಬ ಎರಡೇ ಸಂಗತಿ. ಅವರು ಪುಕ್ಕಟೆಯಾಗಿ ಬರೆದುಕೊಡುತ್ತಿದ್ದ ಸಾಲು ಒಂದೇ. ‘ಇಂದು ರೋಖ, ನಾಳೆ ಉದ್ರಿ’. ಸಾಲ ಕೊಡುವುದಿಲ್ಲ ಎಂಬ ಕಹಿಯನ್ನು ನಗುತ್ತ ನುಂಗಿಸುವ ಆ ಮಾತನ್ನು ಬರೆದವರು ಯಾರೋ, ಅದು ಇಡೀ ಸೀಮೆಯ ಅಂಗಡಿಗಳ ಸ್ವತ್ತಾಯಿತು.

ಉರ್ದು ಸಾಹಿತ್ಯ ಬಲ್ಲವರಿಗೆ ಇಲ್ಲಿ ಆಗ್ರಾದ ನಜೀರ್ ಅಕಬರಾಬಾದಿ (1735–1830) ನೆನಪಾಗದೆ ಇರರು. ದರಬಾರಿನ ಕವಿಗಳು ಗುಲಾಬಿ, ಬುಲ್‌ಬುಲ್ ಎನ್ನುತ್ತಿದ್ದ ಕಾಲದಲ್ಲಿ ಈ ಮೇಷ್ಟರು ರೊಟ್ಟಿ, ಸೌತೆಕಾಯಿ, ಲಾಡು, ಜಾತ್ರೆಯ ಕರಡಿಮರಿಯ ಮೇಲೆ ಪದ್ಯ ಕಟ್ಟಿದರು. ಬೀದಿಯ ಸೌತೆಕಾಯಿಯವನೊಬ್ಬ ತನ್ನ ಮಾಲಿನ ಮೇಲೆ ನಾಲ್ಕು ಸಾಲು ಬೇಕೆಂದು ಕೇಳಿದಾಗ ಅವರು ಬರೆದುಕೊಟ್ಟರು, ಅವನು ಹಾಡಿ ಮಾರಿದ ಎಂಬ ಐತಿಹ್ಯವಿದೆ. ಹಬೀಬ್ ತನ್ವೀರ್ 1954ರಲ್ಲಿ ದಿಲ್ಲಿಯ ಜಾಮಿಯಾದಲ್ಲಿ ಆಡಿಸಿದ ‘ಆಗ್ರಾ ಬಜಾರ್’ ನಾಟಕ ನಿಂತಿರುವುದು ಈ ಎಳೆಯ ಮೇಲೆ. ಅದರಲ್ಲಿ ಸೌತೆಕಾಯಿಯವನು ದೊಡ್ಡ ಕವಿಗಳ ಹಿಂದೆ ಅಲೆದು ಬೈಸಿಕೊಳ್ಳುತ್ತಾನೆ. ಕೊನೆಗೆ ನಜೀರರ ಪದ ಸಿಕ್ಕ ಮೇಲೆ ಅವನ ಬುಟ್ಟಿ ಖಾಲಿಯಾಗುತ್ತದೆ. ನಜೀರರು ನಾಟಕದಲ್ಲಿ ಒಮ್ಮೆಯೂ ರಂಗದ ಮೇಲೆ ಬರುವುದಿಲ್ಲ, ಅವರ ಪದಗಳಷ್ಟೇ ಬರುತ್ತವೆ. ನಮ್ಮ ಶಿಶುನಾಳದ ಶರೀಫಜ್ಜ (1819–1889) ಹಾಡು ಕಟ್ಟಿದ್ದು ಬೇರೆಯ ಉದ್ದೇಶಕ್ಕೆ. ಆದರೆ ಮನೆ ಸೋರುವುದನ್ನು, ಕೋಳಿಯನ್ನು, ಗಿರಣಿಯನ್ನು ಹಿಡಿದು ದೊಡ್ಡ ಮಾತು ಆಡುವ ಧೈರ್ಯ ಅವರದೂ ಹೌದು. ಕೇಳುವವನ ಅಂಗಳದಲ್ಲಿ ಇರುವ ವಸ್ತುವಿನಿಂದಲೇ ಮಾತು ಶುರುವಾಗಬೇಕು ಎಂಬುದನ್ನು ಇಬ್ಬರೂ ಬಲ್ಲವರು.

ಈ ಶತಮಾನದ ಆರಂಭದಲ್ಲಿ ಫ್ಲೆಕ್ಸ್ ಬಂತು. ದರ ಚದರಡಿಗೆ ಇಷ್ಟು ಎಂದಾಯಿತು. ಅಕ್ಷರ ಪುಕ್ಕಟೆಯಾದ ದಿನವೇ ಮಾತು ಅಗ್ಗವಾಯಿತು. ಕಂಪ್ಯೂಟರಿನಲ್ಲಿದ್ದ ಚಿತ್ರಗಳೆಲ್ಲ ಬೋರ್ಡಿಗೆ ಏರಿದವು. ಕಿರಾಣಿ ಅಂಗಡಿಯ ಮೇಲೂ ಸ್ವಿಟ್ಜರ್ಲೆಂಡಿನ ಹಿಮಗುಡ್ಡ, ಗಾದಿ ಅಂಗಡಿಯ ಮೇಲೂ ಪರದೇಶದ ದಂಪತಿ. ಪೇಂಟರ್ ಚಾಚಾ ಕೊನೆಯ ವರ್ಷಗಳಲ್ಲಿ ಲಾರಿಗಳ ಹಿಂದೆ ನಂಬರು ಬರೆಯುತ್ತ ಗಬ್ಬೂರ ಕ್ರಾಸಿನಲ್ಲಿ ಕೂರುತ್ತಿದ್ದರು. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರಕಾರ 2016ರಲ್ಲಿ ನಿಷೇಧಿಸಿತು. 2022ರ ಜುಲೈಯಿಂದ ಕೇಂದ್ರದ ನಿಯಮದಲ್ಲಿ ತೆಳು ಪಿವಿಸಿ ಬ್ಯಾನರಿಗೂ ತಡೆ ಬಂತು. ನಾಮಫಲಕದ ಶೇ. 60 ಭಾಗ ಕನ್ನಡವಿರಬೇಕೆಂಬ ತಿದ್ದುಪಡಿ 2024ರಲ್ಲಿ ಬಂತು. ಒಳ್ಳೆಯದೇ. ಆದರೆ ‘ವಿಶ್ವದರ್ಜೆಯ ಗುಣಮಟ್ಟ’ ಎಂಬುದೂ ಕನ್ನಡವೇ ಅಲ್ಲವೆ? ಅಳತೆ ಪಟ್ಟಿ ಹಿಡಿದು ಅಕ್ಷರ ಅಳೆಯಬಹುದು, ಆ ಅಕ್ಷರದಲ್ಲಿ ಗಿರಾಕಿಗೆ ಏನಾದರೂ ಹೇಳಿದೆಯೇ ಎಂಬುದನ್ನು ಯಾವ ಕಾಯ್ದೆ ಅಳೆದೀತು?

ಈಗ ಎಲ್ಲರ ಕೈಯಲ್ಲೂ ಫೋನು. 2016ರ ನಂತರ ಡೇಟಾ ಅಗ್ಗವಾಗಿ ವಾಟ್ಸ್ಯಾಪಿನ ಸ್ಟೇಟಸ್ಸೇ ಸಣ್ಣ ವ್ಯಾಪಾರಿಯ ಬೋರ್ಡಾಗಿದೆ. ನನ್ನ ಅಳಿಯನೂ ಒಬ್ಬ ಏಜೆಂಟನಿಗೆ ಎರಡು ಸಾವಿರ ಕೊಟ್ಟು ಫೋನಿನಲ್ಲಿ ಜಾಹೀರಾತು ಬಿಡಿಸಿದ್ದ. ಸಾವಿರಾರು ಜನ ‘ಲೈಕ್’ ಒತ್ತಿದರು. ಯಾವ ಊರಿನವರೋ. ಗಬ್ಬೂರ ಕ್ರಾಸಿಗೆ ಗಾದಿ ಹೊತ್ತು ಒಬ್ಬರೂ ಬರಲಿಲ್ಲ.

ನಾಲ್ಕು ಸಾಲು

ಕೊನೆಗೆ ನಾನು ಬರೆಯುವುದನ್ನು ಬಿಟ್ಟು ಅಂಗಡಿಗೆ ಹೋಗಿ ಒಂದು ದಿನ ಸುಮ್ಮನೆ ಕೂತೆ. ಅದನ್ನು ಮೊದಲೇ ಮಾಡಬೇಕಿತ್ತು. ಕತೆಗಾರನಿಗೂ ಅದೇ ಮೊದಲ ಪಾಠ, ಬರೆಯುವ ಮುಂಚೆ ಕೇಳಿಸಿಕೊಳ್ಳಬೇಕು. ಬಂದವರು ಏನು ಕೇಳುತ್ತಾರೆ ಎಂದು ಕಿವಿಗೊಟ್ಟೆ. ನಂಬರ್ ಒನ್ ಯಾರು ಎಂದು ಯಾರೂ ಕೇಳಲಿಲ್ಲ. ಕುಂದಗೋಳದ ಕಡೆಯ ಒಬ್ಬ ಅಜ್ಜಿ ಬಾಗಿಲಲ್ಲೇ ನಿಂತು, “ನಮ್ಮ ಅರಳಿ ನಮಗ ಬರತೈತೋ, ಇಲ್ಲಾ ಕಸ ತುಂಬತೀರೋ?” ಎಂದಳು. ಇನ್ನೊಬ್ಬ, “ಬಿಟ್ಟು ಹೋದ್ರ ಎಂದ ಕೊಡ್ತೀರಿ? ರಾತ್ರಿ ಎದರ ಮ್ಯಾಲೆ ಮಲಗೂದು?” ಎಂದ. ಮೂರನೆಯವನು ದರ ಕೇಳಿ, ಹೇಳಿದ ಮೇಲೂ “ಆಮ್ಯಾಲೆ ಹೆಚ್ಚಿಗಿ ಕೇಳೂದಿಲ್ಲಲಾ?” ಎಂದು ಮತ್ತೆ ಕೇಳಿದ.

ನೂರಾರು ವರ್ಷದ ಅದೇ ಅನುಮಾನ. 1863ರ ಕಾಯ್ದೆಯ ಹಿಂದೆ ಇದ್ದದ್ದು ಇದೇ, ಅಜ್ಜ ಬೀದಿಯಲ್ಲಿ ಕೂತು ಕೆಲಸ ಮಾಡಿದ್ದು ಇದಕ್ಕೇ. ಆ ಮೂರು ಪ್ರಶ್ನೆಗೆ ನೇರ ಉತ್ತರ ಕೊಟ್ಟರೆ ಸಾಕಿತ್ತು. ರಾತ್ರಿ ಮನೆಗೆ ಬಂದು ಹತ್ತು ನಿಮಿಷದಲ್ಲಿ ಬರೆದೆ:

*ಹಳೇ ಗಾದಿ ತರ್ರಿ. ನಿಮ್ಮ ಮುಂದ ಬಿಚ್ಚತೇವಿ.*
*ನಿಮ್ಮ ಅರಳಿ ನಿಮ್ಮ ಮುಂದ ಹಿಂಜಿ ನಿಮಗ ತುಂಬತೇವಿ.*
*ಮುಂಜಾನೆ ಕೊಟ್ರ ಸಂಜೀಕ ಒಯ್ಯರಿ.*
*ದರ ಬಾಗಲದಾಗ ಬರದೈತಿ. ಅದರಕಿಂತ ಹೆಚ್ಚಿಗಿ ಇಲ್ಲ.*

ಅಳಿಯ ಓದಿ, “ಇಷ್ಟ ಏನ್ರಿ ಮಾಮೂ?” ಎಂದ. ಅವನ ದನಿಯಲ್ಲಿ ನಿರಾಶೆ ಇತ್ತು. ಹದಿನೈದು ದಿನಕ್ಕೆ ಇಷ್ಟೇ. ನಾನು ಹೇಳಿದೆ: “ಇದನ್ನ ಬರದರ ಸಾಲದು. ಇದರ ಹಂಗ ನಡೀಬೇಕು. ನಡಿಯೂದಾಗದಿದ್ರ ಆ ವಿಲಾಯತಿ ಗಂಡ ಹೆಂಡತೀನ ಹಾಕ್ಕೋ.” ಅವನು ಸ್ವಲ್ಪ ಹೊತ್ತು ಯೋಚಿಸಿ, ಮಶೀನನ್ನು ಅಂಗಡಿಯ ಹಿಂದಿನಿಂದ ಮುಂದಕ್ಕೆ, ರಸ್ತೆಗೆ ಕಾಣುವಂತೆ ತರಬೇಕಾಗುತ್ತದೆ ಎಂದ. ತಂದ. ಚಿತ್ರ ಬೇಕೇ ಬೇಕು ಎಂದದ್ದಕ್ಕೆ ಅವನದೇ ಫೋನಿನಲ್ಲಿ, ಬಿಚ್ಚಿದ ಗಾದಿಯ ಹಳದಿಗಟ್ಟಿದ ಅರಳೆ ಮತ್ತು ಹಿಂಜಿದ ಮೇಲಿನ ಅರಳೆ ಎರಡನ್ನೂ ಪಕ್ಕ ಪಕ್ಕ ಇಟ್ಟು ತೆಗೆದೆವು. ತೊಯ್ದದ್ದು ಮೇಲೆ, ಒಣಗಿದ್ದೂ ಮೇಲೆ.

ಇದರಿಂದ ಅವನ ಅದೃಷ್ಟ ತೆರೆಯಿತು ಎಂದು ಬರೆದರೆ ಅದೂ ಇಷ್ತಿಹಾರವೇ ಆದೀತು. ಪಕ್ಕದ ದೊಡ್ಡ ಅಂಗಡಿಯಲ್ಲಿ ಸ್ಪಂಜಿನ ಗಾದಿ ಕಂತಿನ ಮೇಲೆ ಮಾರಾಟವಾಗುತ್ತಿದೆ. ಹೊಸ ಮನೆಗಳ ಮಂದಿ ಅರಳೆ ಗಾದಿ ಕೇಳುವುದು ಕಡಿಮೆ. ಈ ಕಸುಬು ಇನ್ನೆಷ್ಟು ದಿನ ನಿಂತೀತೋ ಹೇಳಲಾರೆ. ಆದರೆ ಬರುವವರು ಈಗ ಹ್ಯಾಂಡ್‌ಬಿಲ್ಲನ್ನು ಕೈಯಲ್ಲಿ ಹಿಡಿದೇ ಬರುತ್ತಾರೆ, ಬರೆದ ಮಾತನ್ನು ಪರೀಕ್ಷೆ ಮಾಡಲು. ಆ ಕುಂದಗೋಳದ ಅಜ್ಜಿ ಮುಂಜಾನೆ ಬಂದು ಸಂಜೆಯ ತನಕ ಮಶೀನಿನ ಮುಂದೆ ಕೂತು ಒಂದೊಂದು ಮುಷ್ಟಿ ಅರಳೆಯನ್ನೂ ನೋಡಿದಳು. ಹೊರಡುವಾಗ ಗಾದಿಯನ್ನು ತಟ್ಟಿ ನೋಡಿ, “ಕೆಲಸ ಛಲೋ ಐತಿ. ಇಷ್ಟ ಹೊತ್ತ ಕುಂಡರಸೀರಿ, ಒಂದ್ ಚಹಾ ಸೈತ ಕೊಡಲಿಲ್ಲ” ಎಂದಳು.

ಅಳಿಯ ನನ್ನ ಕಡೆ ನೋಡಿದ. ಐದನೆಯ ಸಾಲನ್ನು ಅವನೇ ಬರೆದುಕೊಂಡಿದ್ದಾನೆ.